ಅಂಜುಬುರುಕಿಯ ಮಗಳು ಗೈಡ್ ಆದಳು

ಮೂರು ಮೂಲೆಯ ಬಟ್ಟೆಗೆ ಇಸ್ತ್ರಿ ಹಾಕುವುದು ಎಂಥ ತಲೆನೋವಿನ ಕೆಲಸವೆಂಬುದು ಹಾಕಿದವರಿಗೇ ಗೊತ್ತು. ಸೀರೆಯಾದರೆ ಅಂಚು ಹಿಡಿದು ಎಳೆದರೆ ಹೇಳಿದ ಮಾತು ಕೇಳುತ್ತದೆ, ಅಂಗಿಯಾದರೆ ಅದರ ಹೊಲಿಗೆಯೇ ನಮಗೆ ದಾರಿ ತೋರಿಸುತ್ತದೆ. ಗೈಡ್ಸ್ ಹುಡುಗಿಯರು ಕತ್ತಿಗೆ ಕಟ್ಟಿಕೊಳ್ಳುವ ಈ ಸ್ಕಾರ್ಫ್ ಮಾತ್ರ, ಒಂದು ಮೂಲೆಯನ್ನು ಸಮ ಮಾಡಿ ಉಸ್ಸೆನ್ನುವಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಮುದುಡಿ ಮುನಿಸಿಕೊಂಡು ಕೂತಿರುತ್ತದೆ. ಆದರೂ ನನ್ನ ಮಗಳು ಬಿಂದುವಿನ ಸ್ಕಾರ್ಫಿಗೆ ಇಸ್ತ್ರಿ ಹಾಕುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಕೈಗೆ ಕೆಲಸವಿದ್ದಾಗ ಮನಸ್ಸು ಆರಾಮಾಗಿ ಹೆದರಬಹುದು, ಅದಕ್ಕೆ.

ಹೌದು, ಹೆದರುವುದು. ನನ್ನ ಪರಿಚಯವನ್ನು ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ಕೊಳ್ಳೇಗಾಲದಲ್ಲಿ ನಮ್ಮ ಮನೆ, ಗಂಡನದು ಬೀಜ ಗೊಬ್ಬರದ ಅಂಗಡಿ, ನಾನು ದಿನಾ ಬಸ್ಸಿನಲ್ಲಿ ಯಳಂದೂರಿಗೆ ಹೋಗಿ ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಪಾಠ ಹೇಳಿ ಬರುವವಳು. ಇವೆಲ್ಲ ಹೊರಗಿನ ವಿವರಗಳು. ಒಳಗೆ ನಾನು ಅಪ್ಪಟ ಅಂಜುಬುರುಕಿ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರಾಕ್ಟರು ಎರಡೆರಡು ಟ್ರೇಲರು ಕಟ್ಟಿಕೊಂಡು ತೊನೆದಾಡುತ್ತ ಎದುರಿಗೆ ಬಂದರೆ ಬಸ್ಸಿನೊಳಗೆ ಕೂತ ನಾನು ಕಾಲನ್ನು ಒತ್ತಿ ಬ್ರೇಕು ಹಾಕುತ್ತೇನೆ. ಮನೆಯವರು ಫೋನ್ ಎತ್ತದಿದ್ದರೆ, ಅಂಗಡಿಯಲ್ಲಿ ಗಿರಾಕಿ ಇರಬಹುದು ಎಂದು ಬೇರೆಯವರಿಗೆ ಹೊಳೆಯುವ ಸರಳ ಕಾರಣ ನನಗೆ ಕಟ್ಟಕಡೆಯಲ್ಲಿ ಹೊಳೆಯುತ್ತದೆ. ಅದಕ್ಕೆ ಮೊದಲು ಹೊಳೆಯುವುದನ್ನೆಲ್ಲ ಇಲ್ಲಿ ಹೇಳಿದರೆ ನಿಮಗೂ ನಿದ್ದೆ ಬರುವುದಿಲ್ಲ. ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿ ಒಂಬತ್ತನೇ ಕ್ಲಾಸಿಗೆ ಬಂದ ವರ್ಷ ಗೈಡ್ಸ್ ಸೇರುತ್ತೇನೆ ಎಂದಳು.

ನೀವು ನಗಬಾರದು. ನಮ್ಮ ಶಾಲೆಯ ಸಮಾರಂಭಗಳಲ್ಲಿ ವೇದಿಕೆಯ ಮೇಲೆ ನಿಂತು, ಸ್ಕೌಟ್ಸ್ ಗೈಡ್ಸ್ ಸೇರುವುದರಿಂದ ಮಕ್ಕಳಲ್ಲಿ ಶಿಸ್ತು, ಸೇವಾಮನೋಭಾವ, ಸಹಬಾಳ್ವೆ, ಸ್ವಾವಲಂಬನೆ ಮೈಗೂಡುತ್ತವೆ ಎಂದು ಒಂದೇ ಉಸಿರಿಗೆ ಹೇಳಿ ಚಪ್ಪಾಳೆ ತೆಗೆದುಕೊಂಡವಳು ನಾನು. ಬೇರೆಯವರ ಮಕ್ಕಳು ಸ್ವಾವಲಂಬಿಗಳಾಗುವುದರಲ್ಲಿ ನನ್ನ ತಕರಾರು ಎಂದೂ ಇರಲಿಲ್ಲ. ನನ್ನ ಮಗಳು ಬಿಸಿಲಲ್ಲಿ ಮೈಲಿಗಟ್ಟಲೆ ನಡೆಯಬೇಕು, ಕಲ್ಲು ಹೂಡಿ ಸೌದೆ ಒಲೆಯಲ್ಲಿ ಅನ್ನ ಬೇಯಿಸಬೇಕು, ಹಗ್ಗ ಹಿಡಿದು ಮರ ಹತ್ತಬೇಕು ಎಂದಾಗ ಆ ಭಾಷಣದ ಒಂದೊಂದು ಶಬ್ದವೂ ಎದ್ದು ನಿಂತು ನನ್ನನ್ನೇ ದುರುಗುಟ್ಟಿಕೊಂಡು ನೋಡಿತು. ಮನೆಯವರು, ಎಲ್ಲ ಮಕ್ಕಳೂ ಹೋಗ್ತವೆ, ಇವಳೂ ಹೋಗಲಿ ಬಿಡು ಎಂದರು. ಅವರು ಯಾವಾಗಲೂ ಹೀಗೆಯೇ, ಬಿಡು ಎನ್ನುವ ಒಂದು ಮಾತಿನಲ್ಲಿ ಸಂಸಾರ ಸಾಗಿಸಿದವರು. ಅಂತೂ ಬಿಂದು ಸೇರಿದಳು.

ಸೇರಿದ ಮೇಲೆ ಒಂದಿಷ್ಟು ಒಳ್ಳೆಯದಾಯಿತು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ತಾರಸಿಯ ಮೇಲೆ ಅವಳು ಕಟ್ಟಿದ ಬಟ್ಟೆ ಒಣಗಿಸುವ ಹಗ್ಗ ಎಂಥ ಗಾಳಿಗೂ ಸಡಿಲವಾಗಲಿಲ್ಲ. ಬೆಳಗ್ಗೆ ನಾನು ಕೂಗುವ ಮೊದಲೇ ಏಳತೊಡಗಿದಳು, ಇದಂತೂ ನಮ್ಮ ಮನೆಯಲ್ಲಿ ಪವಾಡ. ಒಂದು ದಿನ ನಮ್ಮತ್ತೆಯ ಕೈಮೇಲೆ ಕಾದ ಹಾಲು ಚೆಲ್ಲಿತು. ನಾನು ಅಯ್ಯೋ ಎಂದು ಕಿರುಚಿ, ಆಸ್ಪತ್ರೆ, ಬೊಬ್ಬೆ, ಕೀವು, ಅತ್ತೆಯ ಸಕ್ಕರೆ ಕಾಯಿಲೆ ಎಂದು ಮನಸ್ಸಿನಲ್ಲೇ ಎಲ್ಲೆಲ್ಲಿಗೋ ಹೋಗಿ ಬರುವಷ್ಟರಲ್ಲಿ ಬಿಂದು ಅಜ್ಜಿಯನ್ನು ನಲ್ಲಿಯ ಹತ್ತಿರ ನಿಲ್ಲಿಸಿ ಕೈಮೇಲೆ ತಣ್ಣೀರು ಬಿಟ್ಟು, ಬಳೆಗಳನ್ನು ಮೆಲ್ಲಗೆ ಬಿಡಿಸುತ್ತಿದ್ದಳು. ಅವರ ದಳದ ಧ್ಯೇಯವಾಕ್ಯವೇ ಸದಾ ಸಿದ್ಧರಾಗಿರಿ ಎಂಬುದಂತೆ. ನಾನು ಆವತ್ತು ಆಲೋಚಿಸಿದೆ: ಸಿದ್ಧಳಾಗಿರುವುದರಲ್ಲಿ ನಾನೇನು ಕಡಿಮೆ? ಹುಟ್ಟಿದಾಗಿನಿಂದ ಎಲ್ಲ ಅನಾಹುತಗಳಿಗೂ ಸಿದ್ಧಳಾಗಿಯೇ ಕೂತಿದ್ದೇನಲ್ಲ. ಆದರೆ ನನ್ನದು 'ಹಾವು ಕಚ್ಚಿದರೆ?' ಎಂಬಲ್ಲಿಗೆ ನಿಂತುಬಿಡುತ್ತದೆ, ಅಲ್ಲಿಂದ ಮುಂದಕ್ಕೆ ನನಗೆ ದಾರಿಯಿಲ್ಲ, ಅಲ್ಲೇ ನಿಂತು ನಡುಗುತ್ತೇನೆ. ಈ ಮಕ್ಕಳ ಪಾಠ ಶುರುವಾಗುವುದೇ ಅಲ್ಲಿಂದ. ಕಚ್ಚಿದರೆ ಓಡಬಾರದು, ಕಚ್ಚಿದ ಕೈಕಾಲನ್ನು ಅಲ್ಲಾಡಿಸಬಾರದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ನಾನು ಮನೆಯವರಿಗೆ ಹೇಳಿದಾಗ ಅವರು ಪೇಪರಿನಿಂದ ತಲೆಯೆತ್ತದೆ, ಹಾಗಾದ್ರೆ ನೀನೂ ಸೇರ್ಕೊ ಎಂದರು.

ಗಂಟಿನ ಪ್ರಸಂಗ ನಡೆದದ್ದು ದಸರಾ ರಜೆಗೆ ಸ್ವಲ್ಪ ಮುಂಚೆ. ಸ್ಕಾರ್ಫಿಗೆ ಇಸ್ತ್ರಿ ಹಾಕಬೇಕೆಂದು ಬೆಳಗ್ಗೆ ಹುಡುಕಿದರೆ ಅದು ಎಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದು ದೇವರ ಗೂಡಿನಲ್ಲಿ, ಮಾದಪ್ಪನ ಪಟದ ಮುಂದೆ, ವಿಭೂತಿ ಹಚ್ಚಿಸಿಕೊಂಡು, ಮೇಲೊಂದು ಚೆಂಡು ಹೂವು ಇಡಿಸಿಕೊಂಡು. ಅದರ ತುದಿಯಲ್ಲಿ ಪುಟ್ಟದೊಂದು ಗಂಟು. ನಾನು ಕೈಹಾಕಿದೆನೋ ಇಲ್ಲವೋ, ಅಡುಗೆಮನೆಯಿಂದ ನಮ್ಮತ್ತೆ ಧಾವಿಸಿ ಬಂದರು.

"ಬಿಚ್ಬ್ಯಾಡ ಕಣವ್ವ. ಕೂಸು ಮಾದಪ್ಪಂಗೆ ಅರ್ಕೆ ಕಟ್ಕಂಡದೆ. ಅದು ತೀರೋಗಂಟ ಮುಟ್ಬಾರ್ದು."

ಅತ್ತೆಯ ತಪ್ಪೇನೂ ಇಲ್ಲ ಇದರಲ್ಲಿ. ನಮ್ಮ ಸೀಮೆಯ ಹೆಂಗಸರು ಬಟ್ಟೆಯ ತುದಿಗೆ ಗಂಟು ಹಾಕಿದರೆ ಅದಕ್ಕೆ ಇರುವ ಅರ್ಥ ಅದೊಂದೇ. ಜ್ವರ ಬಿಡಲಿ, ಹೆರಿಗೆ ಸುಸೂತ್ರವಾಗಲಿ, ಕಳೆದ ಹಸು ಸಿಗಲಿ ಎಂದು ಕಾಸು ಸುತ್ತಿ ಗಂಟು ಹಾಕಿ ಮಾದಪ್ಪನ ಬೆಟ್ಟದ ಕಡೆಗೆ ಕೈಮುಗಿದುಬಿಟ್ಟರೆ ಅರ್ಧ ಭಾರ ಇಳಿದ ಹಾಗೆ. ಅತ್ತೆ ಮೊಮ್ಮಗಳ ಭಕ್ತಿಗೆ ಮೆಚ್ಚಿ, ಅದನ್ನು ಕುರ್ಚಿಯ ಬೆನ್ನಿನಿಂದ ಎತ್ತಿ ಸರಿಯಾದ ಜಾಗಕ್ಕೆ ಸೇರಿಸಿದ್ದರು. ನನಗೆ ಮಾತ್ರ ಬೇರೆಯೇ ಯೋಚನೆ ಹತ್ತಿತು. ಹದಿನಾಲ್ಕರ ಹುಡುಗಿ ಹರಕೆ ಹೊರುವಂಥದ್ದು ಏನಾಗಿದೆ? ಮೈಯಲ್ಲಿ ಹುಷಾರಿಲ್ಲವೇ, ಪರೀಕ್ಷೆಯಲ್ಲಿ ಏನಾದರೂ ಎಡವಟ್ಟೇ, ಯಾರಾದರೂ ಏನಾದರೂ ಅಂದರೇ? ಬಿಂದು ಸ್ನಾನ ಮುಗಿಸಿ ಬರುವಷ್ಟರಲ್ಲಿ ನಾನು ಆ ಗಂಟಿನೊಳಗೆ ಲೋಕದ ಕಷ್ಟವನ್ನೆಲ್ಲ ಕಟ್ಟಿ ಮುಗಿಸಿದ್ದೆ.

ಅವಳು ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದು ಹರಕೆಯಲ್ಲವಂತೆ, ಗೈಡ್ಸಿನ ಪದ್ಧತಿಯಂತೆ. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಬೇಕು. ಮರೆಯದಿರಲೆಂದು ಬೆಳಗ್ಗೆ ಸ್ಕಾರ್ಫಿನ ತುದಿಗೆ ಗಂಟು ಹಾಕಿ, ಕೆಲಸ ಮಾಡಿದ ಮೇಲೆ ಬಿಚ್ಚಬೇಕು. ಹಾಗಾದರೆ ನಿನ್ನೆಯ ಗಂಟು ಯಾಕೆ ಬಿಚ್ಚಿಲ್ಲ ಎಂದು ಕೇಳಿದೆ. ನಗು ನಿಂತಿತು. ನಿನ್ನೆ ಆಗಲಿಲ್ಲ ಎಂದಳು. ದೇವರ ಗೂಡಿನ ಮುಂದೆ ಸ್ಕಾರ್ಫ್ ಹಿಡಿದು ನಿಂತು ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು, ಬಾಯಿ ತೆರೆದವಳು ಮುಚ್ಚಿಕೊಂಡಳು. ಆಮೇಲೆ ಅಲ್ಲೇ, ನನ್ನೆದುರಿಗೇ, ಗಂಟನ್ನು ಬಿಚ್ಚಿಬಿಟ್ಟಳು. ಈಗ ಯಾವ ಒಳ್ಳೆಯ ಕೆಲಸ ಮಾಡಿದೆಯೇ ಎಂದರೆ, ಮಾಡಾಯ್ತು ಬಿಡಮ್ಮ ಎಂದು ಜಡೆ ಹಾಕಿಕೊಳ್ಳಲು ಹೋದಳು. ನನಗೆ ಬಸ್ಸಿನ ಹೊತ್ತಾಗಿತ್ತು.

ರಜೆ ಬಂತು, ರಜೆಯ ಜೊತೆಗೆ ಕ್ಯಾಂಪೂ ಬಂತು. ಹನೂರು ದಾಟಿ, ರಾಮಾಪುರದಿಂದ ಆಚೆ, ಕೌದಳ್ಳಿಯ ಕಡೆಗೆ ಹೋಗುವ ದಾರಿಯಲ್ಲೊಂದು ಶಾಲೆ, ಅದರ ಮೈದಾನದಲ್ಲಿ ಡೇರೆ. ಕಾಡಿನ ಅಂಚು ಎಂಬ ಎರಡು ಪದ ಕಿವಿಗೆ ಬಿದ್ದದ್ದೇ ನನಗೆ ಊಟ ಸೇರದಾಯಿತು. ಆನೆ, ಚಿರತೆ, ಹಾವು, ಹಳ್ಳದ ನೀರು, ಮಳೆ, ಕಲುಷಿತ ಆಹಾರ, ಹೀಗೆ ಇಸ್ತ್ರಿ ಪೆಟ್ಟಿಗೆ ಹಿಡಿದು ಒಂದೊಂದನ್ನೇ ಮಡಿಸಿ ಜೋಡಿಸಿದೆ. ಮೊದಲು ಕಳಿಸುವುದಿಲ್ಲ ಎಂದೆ, ಆಮೇಲೆ ನೋಡೋಣ ಎಂದೆ, ಕೊನೆಗೆ ಬಿಂದು ವಾದ ಮಾಡದೆ, ಅಳದೆ, ಸುಮ್ಮನೆ ತನ್ನ ಚೀಲದಲ್ಲಿ ಟಾರ್ಚು, ತಟ್ಟೆ, ಲೋಟ, ಹಗ್ಗ ಎಲ್ಲ ಜೋಡಿಸಿಟ್ಟುಕೊಂಡು ಕಾಯುತ್ತ ಕೂತದ್ದನ್ನು ಕಂಡು ಹೂಂ ಎಂದುಬಿಟ್ಟೆ. ಅವಳು ಹೊರಟ ಬಸ್ಸು ತಿರುವಿನಲ್ಲಿ ಮರೆಯಾಗುವಾಗಲೇ ನನಗೆ ತಪ್ಪು ಮಾಡಿದೆನೇನೋ ಎನಿಸತೊಡಗಿತ್ತು.

ಹೋದ ಮಾರನೆಯ ದಿನ ಕೊಳ್ಳೇಗಾಲದಲ್ಲಿ ಮಳೆ ಹಿಡಿಯಿತು. ನಮ್ಮ ತಗಡಿನ ಸಜ್ಜೆಯ ಮೇಲೆ ಬೀಳುವ ಸದ್ದಿಗೇ ನಾನು ರಾಮಾಪುರದ ಮಳೆಯನ್ನು ಲೆಕ್ಕ ಹಾಕಿದೆ. ಕ್ಯಾಂಪಿನ ಮೇಡಂಗೆ ಫೋನ್ ಮಾಡಿದರೆ ನೆಟ್‌ವರ್ಕ್ ಇಲ್ಲ, ಮತ್ತೆ ಮಾಡಿದರೂ ಇಲ್ಲ. ಮೂರನೆಯ ದಿನ ಬೆಳಗ್ಗೆ ಮಳೆ ನಿಂತರೂ ನನ್ನ ಲೆಕ್ಕ ನಿಲ್ಲಲಿಲ್ಲ. ಮನೆಯವರು ಅಂಗಡಿಗೆ ಹೋದದ್ದೇ ಸೀರೆ ಬದಲಾಯಿಸಿ, ಅತ್ತೆಗೆ ಹೇಳಿ, ಬೆಟ್ಟದ ಬಸ್ಸು ಹತ್ತಿಬಿಟ್ಟೆ. ಮಗಳನ್ನು ಕರೆದುಕೊಂಡು ಬಂದೇ ಬರುವುದು, ಯಾರು ಏನೆಂದುಕೊಂಡರೂ ಸರಿ ಎಂದು ಗಟ್ಟಿ ಮಾಡಿಕೊಂಡಿದ್ದೆ. ಹನೂರಿನಲ್ಲಿ ಹತ್ತಿ ಪಕ್ಕ ಕೂತ ಅಜ್ಜಿಯೊಬ್ಬರು ಎಲ್ಲಿಗವ್ವಾ ಎಂದು ವಿಚಾರಿಸಿದರು. ಮಗಳನ್ನು ಕರೆತರಲು ಎಂದೆ. ಕೂಸಿಗೆ ಹುಷಾರಿಲ್ಲವೇ ಎಂದರು. ಚೆನ್ನಾಗಿದ್ದಾಳೆ ಎಂದೆ. ಮತ್ಯಾಕೆ ಎಂದರು. ಇಷ್ಟು ವರ್ಷ ಕನ್ನಡ ಪಾಠ ಹೇಳಿದ ನಾನು ಕಿಟಕಿಯಾಚೆಗೆ ತಿರುಗಿ, ಈ ಸಲ ಜೋಳ ಚೆನ್ನಾಗಿ ಬಂದಿದೆ ಎಂದೆ.

ಶಾಲೆಯ ಮೈದಾನಕ್ಕೆ ಎರಡು ಬಿದಿರು ನೆಟ್ಟು ಅಡ್ಡಕ್ಕೊಂದು ಹಗ್ಗ ಕಟ್ಟಿದ್ದರು, ಅದೇ ಬಾಗಿಲು. ಬಾಗಿಲಲ್ಲಿ ಕೋಲು ಹಿಡಿದು, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಕಾವಲು ನಿಂತಿದ್ದವಳು ನನ್ನ ಮಗಳೇ. ಮೈ ಕೈ ನೆಟ್ಟಗಿತ್ತು. ಅದನ್ನು ಮೊದಲು ನೋಡಿಕೊಂಡೆ. ಓಡಿ ಹೋಗಿ ಹಗ್ಗ ಎತ್ತಲು ಕೈಚಾಚಿದೆ.

"ಅಮ್ಮ, ಅಲ್ಲೇ ನಿಂತ್ಕೊ. ಮಿಸ್‌ನ ಕೇಳ್ದೆ ಯಾರನ್ನೂ ಒಳಗೆ ಬುಡಂಗಿಲ್ಲ."

ಹೆತ್ತವಳನ್ನು! ನಾನು ನಿಂತೆ. ಅವಳು ಸೀಟಿ ಊದಿದಳು, ಇನ್ನೊಬ್ಬ ಹುಡುಗಿ ಬಂದಳು, ಅವಳ ಕಿವಿಯಲ್ಲಿ ಏನೋ ಹೇಳಿ ಕಳಿಸಿದಳು. ಅಷ್ಟು ಹೊತ್ತು ತಾಯಿ ಮಗಳು ಒಂದು ಹಗ್ಗದ ಆಚೆ ಈಚೆ ಅಪರಿಚಿತರ ಹಾಗೆ ನಿಂತಿದ್ದೆವು. ಡೇರೆಗಳ ಹಿಂದಿನಿಂದ ಸೌದೆಯ ಹೊಗೆ, ಸಾರಿನ ಒಗ್ಗರಣೆ, ಹುಡುಗಿಯರ ನಗು ತೇಲಿ ಬರುತ್ತಿದ್ದವು. ಸಿಟ್ಟು ಬಂದಿತ್ತೆಂದು ಹೇಳಬೇಕು, ಆದರೆ ಅವಳು ನಿಂತ ಗತ್ತು ನೋಡಿ ಒಳಗೊಳಗೇ ಸಣ್ಣದೊಂದು ಜಂಬವೂ ಬಂದಿತ್ತು.

ಪುಷ್ಪಲತಾ ಮೇಡಂ ಬಂದರು. ಬಿಂದುವಿನ ಶಾಲೆಯಲ್ಲಿ ವಿಜ್ಞಾನ ಹೇಳುವವರು, ಗೈಡ್ಸ್ ದಳಕ್ಕೂ ಅವರೇ ಕ್ಯಾಪ್ಟನ್, ನನಗಿಂತ ತುಂಬ ಚಿಕ್ಕವರು. ಯಾಕೆ ಬಂದಿರಿ ಎಂದು ಕೇಳಲಿಲ್ಲ, ಅದು ಅವರ ದೊಡ್ಡಗುಣ. ಕಾವಲಿಗೆ ಬೇರೆ ಹುಡುಗಿಯನ್ನು ನಿಲ್ಲಿಸಿ, ನಮ್ಮಿಬ್ಬರನ್ನೂ ಹುಣಸೆಮರದ ಕೆಳಗೆ ಕೂರಿಸಿ, ಬಿಂದು ನಿಮಗೊಂದು ವಿಷಯ ಹೇಳಬೇಕಾಗಿದೆ, ಕ್ಯಾಂಪ್ ಮುಗಿಸಿ ಮನೆಗೆ ಬಂದು ಹೇಳ್ತೀನಿ ಅಂದಿದ್ದಳು, ನೀವೇ ಬಂದಿರಿ, ಒಳ್ಳೆಯದೇ ಆಯಿತು ಎಂದು ಹೇಳಿ ಅಡುಗೆಯ ಕಡೆಗೆ ಹೋದರು.

ಹೆದರಬಾರದು ಎಂದು ಬಿಂದು ಮೊದಲೇ ಮಾತು ತೆಗೆದುಕೊಂಡಳು. ಇಲ್ಲ ಎಂದೆ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಟ್ಯೂಷನ್ ಮುಗಿಸಿ ಬರುವ ಗಲ್ಲಿಯಲ್ಲಿ ಒಬ್ಬ ಬೈಕಿನವನು ಕೆಲವು ದಿನಗಳಿಂದ ಅವಳ ಹಿಂದೆ ಬರುತ್ತಿದ್ದನಂತೆ. ಮೊದಮೊದಲು ಸುಮ್ಮನೆ ಬರುತ್ತಿದ್ದವನು ಆಮೇಲೆ ಹೆಸರು ಕೇಳಿದ, ಫೋನ್ ನಂಬರು ಕೇಳಿದ, ಒಂದು ಸಂಜೆ ಬೈಕನ್ನು ಅಡ್ಡ ನಿಲ್ಲಿಸಿ ಡ್ರಾಪ್ ಕೊಡ್ತೀನಿ ಹತ್ತು ಎಂದ. ಅವಳು ಓಡಿಬಂದಳು. ಆ ಸಂಜೆಯೇ ಸ್ಕಾರ್ಫಿನ ಗಂಟು ಬಿಚ್ಚದೆ ಉಳಿದದ್ದು.

"ಬೆಳಗ್ಗೆ ದೇವರ ಗೂಡಿನ ಮುಂದೆ ನಿಂಗೆ ಹೇಳ್ಬುಡಣ ಅಂತಲೇ ಇದ್ದೆ ಅಮ್ಮ. ನಿನ್ ಮುಖ ನೋಡ್ದೆ. ಬ್ಯಾಡ, ನೀನು ಎದ್ರುಕತೀಯ, ಗೈಡ್ಸು ಟ್ಯೂಷನ್ನು ಎಲ್ಲಾ ಬುಡುಸ್ತೀಯ ಅನ್ಸ್ತು. ನಿಂಗೆ ಹೇಳ್ದೆ ಇರೋದೇ ಇವತ್ತಿನ ಒಳ್ಳೆ ಕೆಲ್ಸ ಅಂತ ಗಂಟು ಬಿಚ್ದೆ."

ನನ್ನ ಮಗಳು ಆ ದಿನ ಮಾಡಿದ ಪುಣ್ಯಕಾರ್ಯ, ತಾನೊಬ್ಬಳೇ ಹೆದರುವುದು. ನನ್ನ ಭಯವೆಲ್ಲ ಅವಳನ್ನು ಕಾಯಲು ಎಂದುಕೊಂಡಿದ್ದೆನಲ್ಲ, ಅವಳು ಆ ಭಯದಿಂದ ನನ್ನನ್ನು ಕಾಯುತ್ತ ಕೂತಿದ್ದಳು. ಲೋಕದಲ್ಲಿ ಏನೇನು ಕೆಡುಕಾಗಬಹುದೆಂದು ಇಸ್ತ್ರಿ ಹಾಕುತ್ತ ಹಾಕುತ್ತ ಊಹಿಸಿದ ನಾನು, ಅದರಲ್ಲೊಂದು ನಿಜವಾಗಿಯೇ ನಡೆದು ಅವಳು ನನ್ನೆದುರು ನಿಂತಾಗ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋಗಿದ್ದೆ. ಬಾಯಿಗೆ ಬಂದದ್ದು ಒಂದೇ ಮಾತು: ಚೀಲ ತಗೊ, ನಡಿ ಮನೆಗೆ, ಇನ್ನು ಇದ್ಯಾವುದೂ ಬೇಡ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಿಂದು ಮತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು, ಆವತ್ತು ನೋಡಿದ ಹಾಗೆಯೇ. ಈಗ ಆ ಮಾತು ಆಡಿದರೆ ಇವಳನ್ನು ಮನೆಗೆ ಕರೆದುಕೊಂಡು ಹೋಗಬಹುದು, ಇನ್ನೆಂದೂ ಇವಳು ನನಗೆ ಏನನ್ನೂ ಹೇಳುವುದಿಲ್ಲ ಎಂದು ಹೊಳೆಯಿತು. ಜೀವನದಲ್ಲಿ ಅಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಆಮೇಲೆ ಏನಾಯ್ತು ಎಂದು ಕೇಳಿದೆ.

ಆಮೇಲಿನದು ಬಹಳ ಇತ್ತು. ದಳದ ಸಭೆಯಲ್ಲಿ ವೃತ್ತವಾಗಿ ಕೂತು ಒಬ್ಬೊಬ್ಬರೂ ತಾವು ಮಾಡಿದ ಒಳ್ಳೆಯ ಕೆಲಸ ಹೇಳಬೇಕಂತೆ. ಒಬ್ಬಳು ಅಂಗವಿಕಲರೊಬ್ಬರನ್ನು ರಸ್ತೆ ದಾಟಿಸಿದ್ದಳು, ಇನ್ನೊಬ್ಬಳು ಪಕ್ಕದ ಮನೆಯ ಹಸುವಿಗೆ ನೀರಿಟ್ಟಿದ್ದಳು. ಬಿಂದುವಿನ ಸರದಿ ಬಂದಾಗ, ಅಮ್ಮ ಹೆದರ್ತಾರೆ ಅಂತ ಅಮ್ಮಂಗೆ ಒಂದು ವಿಷಯ ಹೇಳಲಿಲ್ಲ ಎಂದಳಂತೆ. ಸಭೆ ಮುಗಿದ ಮೇಲೆ ಮೇಡಂ ಅವಳನ್ನು ನಿಲ್ಲಿಸಿಕೊಂಡು ಎಲ್ಲ ಕೇಳಿ ತಿಳಿದುಕೊಂಡರು. ತಾವೇ ಪೊಲೀಸರಿಗೆ ಹೇಳಿದರು. ಅವಳ ತಂಡದ ಹುಡುಗಿಯರು ಸಂಜೆ ಅವಳ ಜೊತೆ ಮನೆಯ ತಿರುವಿನವರೆಗೆ ನಡೆದು ಬರತೊಡಗಿದರು. ಅಷ್ಟು ಜನ ಯಾಕೆ ಬರ್ತಾರೆ, ಟ್ಯೂಷನ್ನಿನಲ್ಲಿ ಹರಟೆಯೋ ಪಾಠವೋ ಎಂದು ನಾನು ಗೊಣಗಿದ್ದು ನೆನಪಾಯಿತು. ಪೊಲೀಸರು ಅವನನ್ನು ಹಿಡಿದು ವಿಚಾರಿಸಿದ ಮೇಲೆ ಆ ಬೈಕು ಗಲ್ಲಿಯಲ್ಲಿ ಕಾಣಲಿಲ್ಲ. ತಾಯಿಗೆ ನೀನೇ ಹೇಳಬೇಕು, ಕ್ಯಾಂಪ್ ಮುಗಿಯುವುದರೊಳಗೆ ಧೈರ್ಯ ಬರದಿದ್ದರೆ ನಾನೇ ಬಂದು ಹೇಳುತ್ತೇನೆ ಎಂದಿದ್ದರಂತೆ ಮೇಡಂ. ಅವರೇ ಮೊದಲು ನನಗೆ ಹೇಳಬೇಕಿತ್ತಲ್ಲವೇ ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತು, ಹೊರಡುವಾಗ ಅವರಿಗೆ ಹೇಳಿಯೂ ಹೇಳಿದೆ. ಹೌದು, ತಪ್ಪಾಯಿತು ಎಂದು ಅವರು ಒಪ್ಪಿಕೊಂಡರು.

ಮಕ್ಕಳನ್ನು ಸ್ಕೌಟ್ಸಿಗೋ ಗೈಡ್ಸಿಗೋ ಸೇರಿಸುವುದರಿಂದ ಏನು ಲಾಭ ಎಂದು ಈಗ ಯಾರಾದರೂ ಕೇಳಿದರೆ ನನ್ನ ಹಳೆಯ ಭಾಷಣ ನೆನಪಿಗೆ ಬರುವುದಿಲ್ಲ. ಮನೆಯಲ್ಲಿ ಹೇಳಲಾಗದ್ದನ್ನು ಹೇಳಲು ಅವಳಿಗೊಂದು ವೃತ್ತ ಇತ್ತು, ಕೇಳಿಸಿಕೊಂಡು ಎದ್ದು ಜೊತೆಗೆ ನಡೆದ ಗೆಳತಿಯರಿದ್ದರು ಎಂಬುದಷ್ಟೇ ನೆನಪಾಗುತ್ತದೆ. ಅದಕ್ಕೆ ಋಣಿಯಾಗಿದ್ದೇನೆ. ಆ ವೃತ್ತದಲ್ಲಿ ನನಗೆ ಜಾಗ ಇರಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಮಧ್ಯಾಹ್ನದ ಬಸ್ಸಿಗೆ ಒಬ್ಬಳೇ ಹಿಂತಿರುಗಿದೆ. ಬಿಂದು ಹಗ್ಗದವರೆಗೆ ಬಂದಳು, ಅಲ್ಲಿಂದಾಚೆಗೆ ಬರುವ ಹಾಗಿರಲಿಲ್ಲ. ದಾರಿಯುದ್ದಕ್ಕೂ ಇಳಿದು ವಾಪಸ್ ಹೋಗೋಣವೇ ಎಂದು ಎಷ್ಟು ಸಲ ಅನಿಸಿತೋ. ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾದಿದ್ದರು.

"ಕೂಸ್ನ ಅಲ್ಲೇ ಬುಟ್ಬುಟ್ಟು ಬಂದ್ಯಾ? ಎದ್ರಿಕಿಲ್ವಾ ಅದ್ಕೆ?"

ಇದೆ ಅತ್ತೆ, ಇದ್ದೂ ಅಲ್ಲೇ ಇದ್ದಾಳೆ ಎಂದೆ. ಅತ್ತೆ ಅರ್ಥವಾಗದೆ ನನ್ನನ್ನು ನೋಡಿ, ಮುಖ ತೊಳ್ಕೊಂಡು ಬಾ, ಕಾಫಿ ಕೊಡ್ತೀನಿ ಎಂದು ಒಳಗೆ ಹೋದರು. ಮನೆಯವರಿಗೆ ಎಲ್ಲ ಹೇಳಿದ ಆ ಸಂಜೆ ಅವರು ಮೊದಲ ಸಲ ಬಿಡು ಎನ್ನಲಿಲ್ಲ.

ಇದೆಲ್ಲ ಆಗಿ ಕೆಲವು ತಿಂಗಳಾದವು. ನಾನು ಧೈರ್ಯವಂತೆಯಾದೆ ಎಂದು ನೀವು ಊಹಿಸಿದ್ದರೆ ನಿರಾಶರಾಗುತ್ತೀರಿ. ಕಬ್ಬಿನ ಟ್ರಾಕ್ಟರು ಕಂಡರೆ ಬಸ್ಸಿನಲ್ಲಿ ಈಗಲೂ ಬ್ರೇಕು ಹಾಕುತ್ತೇನೆ. ಟ್ಯೂಷನ್ ಬಿಡುವ ಹೊತ್ತಿಗೆ ಗಡಿಯಾರ ನೋಡದೆ ಇರಲಾರೆ. ಹಿಂದೆ ಕಲ್ಪಿಸಿಕೊಂಡು ಹೆದರುತ್ತಿದ್ದೆ, ಈಗ ಗೊತ್ತಿದ್ದು ಹೆದರುತ್ತೇನೆ, ಅಷ್ಟೇ ವ್ಯತ್ಯಾಸ. ನಿನ್ನೆ ಸಂಜೆ ಬಿಂದು ಎಂದಿಗಿಂತ ತಡವಾಗಿ ಬಂದಳು. ಹೊಸ್ತಿಲಲ್ಲೇ ನಿಂತಳು, ಚಪ್ಪಲಿ ಬಿಡಲಿಲ್ಲ. ಅಮ್ಮ, ಇವತ್ತೊಂದು ವಿಷಯ ಆಯ್ತು, ಹೇಳ್ತೀನಿ, ಆದ್ರೆ ನೀನು ಹೆದರ್ಕೋಬಾರದು ಎಂದಳು. ನಾನು ಆಗಲೇ ಹೆದರಿಯಾಗಿತ್ತು, ಮುಖದಲ್ಲಿ ಅದು ಕಾಣುತ್ತಿತ್ತೆಂದೂ ಗೊತ್ತಿತ್ತು, ಮುಚ್ಚಿಡಲು ಹೋಗಲಿಲ್ಲ.

"ಹೆದರ್ಕೊಂಡೇ ಕೇಳ್ತೀನಿ," ಎಂದೆ. "ಹೇಳು."

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತಳು.